ಟೊಮೆಟೊ ಕಾಯಲ್ಲ ಸ್ವಾಮಿ

ನಮಸ್ಕಾರ ಎಲ್ರಿಗೂ. ಇವತ್ತು ಚಿನ್ನದ ಸಾಲದ ಬಗ್ಗೆ ಮಾತಾಡ್ಬೇಕು ಅಂತ ಎಲ್ಲಾ ರೆಡಿ ಮಾಡ್ಕೊಂಡಿದ್ದೆ, ಅದನ್ನ ಮುಂದಿನ ವಾರಕ್ಕೆ ಹಾಕಿದೀನಿ, ಯಾಕಂದ್ರೆ ಹೋದ ವಿಡಿಯೋ ಕೆಳಗೆ ಒಂದು ಕಾಮೆಂಟ್ ಓದಿದಾಗಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ಟೊಮೆಟೊ ರೇಟ್ ಬಿದ್ದೋಗಿದೆ ಅಂತ ಎರಡೇ ಎರಡು ನಿಮಿಷ ಮಾತಾಡಿದ್ದೆ. ಅದಕ್ಕೆ ಒಬ್ರು ಬರೀತಾರೆ, "ಗುರು ಇದು ಡಿಮ್ಯಾಂಡ್ ಸಪ್ಲೈ ಅಷ್ಟೇ, ಪಿಯುಸಿ ಎಕನಾಮಿಕ್ಸ್ ಓದಿದ್ರೆ ಗೊತ್ತಿರ್ತಿತ್ತು." ಅದಕ್ಕೆ ನನ್ನ ವಿಡಿಯೋಗಿಂತ ಜಾಸ್ತಿ ಲೈಕ್!

ಓದಿದೀನಿ ಅಣ್ಣ. ಎರಡು ಗೆರೆ, ಡಿಮ್ಯಾಂಡ್ ಗೆರೆ ಮೇಲಿಂದ ಇಳಿಯತ್ತೆ, ಸಪ್ಲೈ ಗೆರೆ ಕೆಳಗಿಂದ ಹತ್ತತ್ತೆ, ಎರಡೂ ಸೇರೋ ಕಡೆ ಬೆಲೆ. ಪರೀಕ್ಷೆಲಿ ಸ್ಕೇಲ್ ಇಟ್ಟು ಎಳೆದು ಮಾರ್ಕ್ಸೂ ತಗೊಂಡಿದೀನಿ. ಆದ್ರೆ ಆ ಚಿತ್ರದಲ್ಲಿ ಒಂದು ವಿಷ್ಯನೇ ಇಲ್ಲ. ಕಾಯೋ ತಾಕತ್ತು ಯಾರಿಗಿದೆ, ಯಾರಿಗಿಲ್ಲ ಅನ್ನೋದು. ಇವತ್ತು ನಾನು ಹೇಳೋದು ಇದೊಂದೇ.

ನಮ್ಮ ಚಿಕ್ಕಪ್ಪಂದು ಕೋಲಾರದ ಕಡೆ ಒಂದೂವರೆ ಎಕರೆ ಟೊಮೆಟೊ. ಹಿಂದಿನ ದಿನ ಆರು ಜನ ಹೆಣ್ಣಾಳು ಇಟ್ಟು ಕೀಳಿಸಿ, 80 ಬಾಕ್ಸ್ ತುಂಬಿ, ರಾತ್ರಿನೇ ಟೆಂಪೋ ಹತ್ತಿಸಿ ಮಂಡಿಗೆ ತಗೊಂಡೋದ್ವಿ. ನಾನೂ ಜೊತೆಗಿದ್ದೆ. ಬೆಳಿಗ್ಗೆ ಹರಾಜು. ಒಬ್ಬ ಬಂದ, ಮೇಲಿನ ಬಾಕ್ಸಿಂದ ಒಂದು ಹಣ್ಣು ಎತ್ತಿ ಹೆಬ್ಬೆಟ್ಟಲ್ಲಿ ಒತ್ತಿದ, ತೊಟ್ಟಿನ ಹತ್ರ ಸಣ್ಣದಾಗಿ ಬಿರುಕು ಬಿಡ್ತು, ನೀರು ಬಂತು. ಆ ಹಣ್ಣನ್ನ ಹಾಗೇ ವಾಪಸ್ ಇಟ್ಟು "ಐವತ್ತು" ಅಂದ. ಬಾಕ್ಸ್ ಅಂದ್ರೆ 15 ಕೆಜಿ, ಕೆಜಿಗೆ ಮೂರು ರೂಪಾಯಿ ಚಿಲ್ಲರೆ. ಚಿಕ್ಕಪ್ಪ ಒಂದು ಸಲ ಟೆಂಪೋ ಕಡೆ ನೋಡಿದ್ರು, ಒಂದು ಸಲ ಬಾಕ್ಸ್ ಕಡೆ ನೋಡಿದ್ರು, ಹೂಂ ಅಂದ್ಬಿಟ್ರು. 80 ಬಾಕ್ಸಿಗೆ 4,000. ಕೀಳೋ ಕೂಲಿ 2,400, ಟೆಂಪೋ ಬಾಡಿಗೆ 1,500. ಉಳಿದ 100 ರೂಪಾಯಲ್ಲಿ ಹಮಾಲರಿಗೆ ಕೊಟ್ಟು ನಾವಿಬ್ರು ಟೀ ಕುಡಿದ್ವಿ. ಗೊಬ್ಬರ, ಔಷಧಿ, ಗೂಟ, ದಾರದ ಲೆಕ್ಕ ಇದರಲ್ಲಿ ಬಂದೇ ಇಲ್ಲ.

ಈಗ ಹೇಳಿ, ಆ ಹೂಂ ಅನ್ನೋದರಲ್ಲಿ ಡಿಮ್ಯಾಂಡ್ ಎಲ್ಲಿ, ಸಪ್ಲೈ ಎಲ್ಲಿ? ಆ ವ್ಯಾಪಾರಿ ಇವತ್ತು ತಗೊಳ್ದೇ ಇದ್ರೆ ನಾಳೆ ಬರ್ತಾನೆ, ಪಕ್ಕದ ಮಂಡಿಗೆ ಹೋಗ್ತಾನೆ, ಎಲ್ಲೆಲ್ಲಿ ಏನು ರೇಟ್ ಅಂತ ಅವನ ಫೋನಲ್ಲೇ ಇದೆ. ಚಿಕ್ಕಪ್ಪ ಬೇಡ ಅಂದಿದ್ರೆ ವಾಪಸ್ ಬರಕ್ಕೆ ಮತ್ತೆ 1,500. ಬಂದು? ಟೊಮೆಟೊ ಕಾಯಾಗಿದ್ರೆ ಎರಡು ದಿನ ಕಾಯತ್ತೆ, ಹಣ್ಣಾದ ಮೇಲೆ ಕಾಯಲ್ಲ ಸ್ವಾಮಿ.

ಇದನ್ನ ನಾನು ಕಂಡುಹಿಡಿದಿದ್ದಲ್ಲ, ದೊಡ್ಡ ದೊಡ್ಡೋರೇ ಹೇಳಿದಾರೆ. ಮುಕ್ತ ಮಾರುಕಟ್ಟೆ ಅಂದ್ರೆ ಎಲ್ರೂ ಮೊದಲು ಎತ್ತೋ ಹೆಸರು ಆಡಮ್ ಸ್ಮಿತ್ ಅಲ್ವಾ, 1776ರ ಪುಸ್ತಕದಲ್ಲಿ ಕೂಲಿ ಜಗಳದ ಬಗ್ಗೆ ಅವನೇ ಬರೀತಾನೆ: ಒಬ್ಬನೇ ಒಬ್ಬ ಕೆಲಸಗಾರ ಇಲ್ದಿದ್ರೂ ಧಣಿಗಳು ಕೂಡಿಟ್ಟಿದ್ದರಲ್ಲಿ ಒಂದೆರಡು ವರ್ಷ ಬದುಕ್ತಾರೆ, ಕೆಲಸಗಾರರಲ್ಲಿ ಎಷ್ಟೋ ಜನಕ್ಕೆ ಒಂದು ವಾರ ತಳ್ಳೋದೂ ಕಷ್ಟ. ಆ ಸಾಲನ್ನ ನಮ್ಮ ಪಿಯುಸಿ ಪುಸ್ತಕಕ್ಕೆ ಯಾಕೆ ಹಾಕಲಿಲ್ಲ? ಎರಡು ಗೆರೆ ಚಿತ್ರವನ್ನ ಜಗತ್ತಿಗೆಲ್ಲಾ ಹರಡಿದ ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ಮೀನಿನ ವ್ಯಾಪಾರದ ಉದಾಹರಣೆ ಕೊಟ್ಟು, ಒಂದು ದಿನದ ಬೆಲೆನೇ ಬೇರೆ, ವರ್ಷಗಳ ಲೆಕ್ಕದ ಬೆಲೆನೇ ಬೇರೆ ಅಂತ ಬಿಡಿಸಿ ಬಿಡಿಸಿ ಹೇಳಿದಾರೆ. ನಮಗೆ ಗೆರೆ ಮಾತ್ರ ಬಂತು, ಮೀನು ಬರ್ಲಿಲ್ಲ!

ಇನ್ನು 1874ರಲ್ಲಿ ವಾಲ್ರಾಸ್ ಅಂತ ಒಬ್ರು ಗಣಿತದಲ್ಲಿ ಮಾರುಕಟ್ಟೆ ಕಟ್ಟಿದ್ರು. ಈಗಿನ ಥಿಯರಿಯ ದೊಡ್ಡ ಭಾಗ ನಿಂತಿರೋದು ಅದರ ಮೇಲೆ. ಅದನ್ನ ಪಾಠ ಮಾಡೋವಾಗ ಹೀಗೆ ಹೇಳ್ತಾರೆ: ಹರಾಜು ಕೂಗೋನೊಬ್ಬ ಇದಾನೆ, ಒಂದು ಬೆಲೆ ಕೂಗ್ತಾನೆ, ಸರಿಹೋಗಲಿಲ್ಲ ಅಂದ್ರೆ ಇನ್ನೊಂದು ಕೂಗ್ತಾನೆ, ಕೊಳ್ಳೋರು ಮಾರೋರು ಎಲ್ಲಾ ತಾಳೆ ಆಗೋವರೆಗೂ ಒಂದು ವ್ಯಾಪಾರನೂ ನಡೆಯಲ್ಲ, ಅಲ್ಲಿವರೆಗೂ ಎಲ್ರೂ ಕಾಯ್ತಾ ಇರ್ತಾರೆ. ಕಾಯ್ತಾ ಇರ್ತಾರಂತೆ! ನಮ್ಮ ಮಂಡಿ ಹರಾಜಲ್ಲಿ ಹಿಂದಿನ ಟೆಂಪೋದವನು ಹಾರ್ನ್ ಹೊಡೀತಿರ್ತಾನೆ, ಬಿಸಿಲೇರ್ತಾ ಇರತ್ತೆ, ಕೆಳಗಿನ ಬಾಕ್ಸಿಂದ ರಸ ಸೋರ್ತಿರತ್ತೆ.

ಬೈ ದ ವೇ ಈ ಥರ ವಿಷ್ಯ ಕನ್ನಡದಲ್ಲಿ ಬೇಕು ಅನ್ನೋರು ಸಬ್‌ಸ್ಕ್ರೈಬ್ ಮಾಡಿ, ಬೆಲ್ ಒತ್ತಿ. ಇದಕ್ಕೆ ಸ್ಪಾನ್ಸರ್ ಯಾರೂ ಬರಲ್ಲ, ನೀವೇ ನನ್ನ ಸ್ಪಾನ್ಸರ್.

ಈಗ ನನಗೆ ಬರೋ ಉತ್ತರ ಗೊತ್ತು. "2023ರ ಜುಲೈನಲ್ಲಿ ಬಾಕ್ಸ್ 2,000 ದಾಟ್ತಲ್ಲ, ಆವಾಗ ಸುಮ್ನಿದ್ರಲ್ಲ." ಹೌದು, ದಾಟ್ತು, ಕೆಲವರು ಚೆನ್ನಾಗಿ ದುಡಿದ್ರು, ರಾತ್ರಿ ತೋಟ ಕಾಯೋ ಹಾಗಾಯ್ತು. ಆದ್ರೆ ಆಗ ಸರ್ಕಾರ ಡಿಮ್ಯಾಂಡ್ ಸಪ್ಲೈ ಅಂತ ಕೈಕಟ್ಟಿ ಕೂತಿತ್ತಾ? ದೆಹಲಿಲಿ ಸಹಕಾರಿ ಸಂಸ್ಥೆ ಮೂಲಕ ಕೆಜಿ 90ಕ್ಕೆ ಮಾರ್ಸಿದ್ರು, ಅದೇ ತಿಂಗಳಲ್ಲಿ 80 ಮಾಡಿದ್ರು, 70 ಮಾಡಿದ್ರು, ಆಗಸ್ಟಲ್ಲಿ ನೇಪಾಳದಿಂದ ಟೊಮೆಟೊ ತರಿಸಿದ್ರು. ತರಿಸ್ಲಿ, ತಿನ್ನೋರಿಗೂ ಕಷ್ಟ ಇರತ್ತೆ, ನಾನು ಬೇಡ ಅನ್ನಲ್ಲ. ಸೆಪ್ಟೆಂಬರ್ ಹೊತ್ತಿಗೆ ರೇಟ್ ಕುಸಿದು ಎಷ್ಟೋ ಕಡೆ ರೈತರು ಹಣ್ಣನ್ನ ರಸ್ತೆಗೆ ಸುರಿದ್ರಲ್ಲ, ಆಗ ಆ ಅವಸರ ಎಲ್ಲಿ ಹೋಗಿತ್ತು? ರೇಟ್ ಏರಿದ್ರೆ ತುರ್ತುಪರಿಸ್ಥಿತಿ, ರೇಟ್ ಬಿದ್ರೆ ಅರ್ಥಶಾಸ್ತ್ರ!

"ಬೇರೆ ಬೆಳೆ ಹಾಕ್ಲಿ." ಸಸಿ ನೆಟ್ಟು ಎರಡು ಎರಡೂವರೆ ತಿಂಗಳಿಗೆ ಹಣ್ಣು. ನೆಡೋ ದಿನದ ರೇಟ್ ನೋಡಿ ನೆಡ್ತಾರೆ, ಕೀಳೋ ದಿನದ ರೇಟಿಗೆ ಮಾರ್ತಾರೆ. ಇದಕ್ಕೆ ಎಕನಾಮಿಕ್ಸಲ್ಲೇ ಜೇಡರ ಬಲೆ ಅಂತ ಹೆಸರಿದೆ, 1930ರ ದಶಕದ್ದು. ಬಲೆ ಅಂತ ಅವ್ರೇ ಹೆಸರಿಟ್ಟು, ಸಿಕ್ಕಾಕೊಂಡೋನಿಗೆ ನೀನ್ಯಾಕೆ ಹಾರ್ಲಿಲ್ಲ ಅಂತ ಕೇಳೋದು ಯಾವ ನ್ಯಾಯ?

"ಕೋಲ್ಡ್ ಸ್ಟೋರೇಜ್ ಕಟ್ಲಿ." ಅಯ್ಯೋ ಪುಣ್ಯಾತ್ಮ, ನಾನು ಹೇಳ್ತಿರೋದೂ ಅದನ್ನೇ ಅಲ್ವಾ! ಕಾಯೋ ತಾಕತ್ತು ಕೊಟ್ರೆ ಬೆಲೆ ಬದಲಾಗತ್ತೆ ಅಂತ ನೀವೇ ಒಪ್ಕೊಂಡ್ರಿ.

ಇನ್ನು ಸ್ವಲ್ಪ ಓದಿರೋರು ಬರ್ತಾರೆ. "ಥಿಯರಿಲಿ ಊಹೆಗಳು ನಿಜ ಇರಬೇಕಾಗಿಲ್ಲ, ಅದು ಹೇಳೋ ಭವಿಷ್ಯ ಸರಿ ಇದ್ರೆ ಸಾಕು." ಇದು 1953ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಹೂಡಿದ ವಾದ. ಸರಿ, ಭವಿಷ್ಯನೇ ನೋಡೋಣ. ಕನಿಷ್ಠ ಕೂಲಿ ಏರಿಸಿದ್ರೆ ಕೆಲಸ ಕಮ್ಮಿ ಆಗತ್ತೆ ಅಂತ ಆ ಎರಡು ಗೆರೆ ಹೇಳತ್ತೆ. ಅಮೆರಿಕದ ನ್ಯೂಜೆರ್ಸಿಲಿ 1992ರ ಏಪ್ರಿಲಲ್ಲಿ ಗಂಟೆಗೆ 4.25 ಡಾಲರ್ ಇದ್ದಿದ್ದನ್ನ 5.05 ಮಾಡಿದ್ರು, ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಏರಿಸಲಿಲ್ಲ. ಡೇವಿಡ್ ಕಾರ್ಡ್, ಆಲನ್ ಕ್ರೂಗರ್ ಅನ್ನೋ ಅರ್ಥಶಾಸ್ತ್ರಜ್ಞರು ಇಬ್ರೂ ಸೇರಿ ಎರಡೂ ಕಡೆ ಒಟ್ಟು 410 ಫಾಸ್ಟ್‌ಫುಡ್ ಅಂಗಡಿಗಳ ಲೆಕ್ಕ ತೆಗೆದ್ರು. ನ್ಯೂಜೆರ್ಸಿಲಿ ಕೆಲಸ ಕಮ್ಮಿ ಆಗಿರ್ಲಿಲ್ಲ. 1994ರಲ್ಲಿ ಅದು ಅಚ್ಚಾದಾಗ ದೊಡ್ಡ ಗಲಾಟೆ, ಬೇರೆಯವರು ಬೇರೆ ಲೆಕ್ಕ ತಂದ್ರು, ಆ ಜಗಳ ಇನ್ನೂ ಮುಗಿದಿಲ್ಲ, ನಡೀಲಿ. 2021ರಲ್ಲಿ ಕಾರ್ಡ್‌ಗೆ ನೊಬೆಲ್ ಬಂತು, ಕ್ರೂಗರ್ ಅಷ್ಟೊತ್ತಿಗೆ ತೀರ್ಕೊಂಡಿದ್ರು. ನನ್ನ ಪ್ರಕಾರ ಅಲ್ಲೂ ಇದೇ ಕಾಯೋ ತಾಕತ್ತಿನ ಮಾತು. ಇವತ್ತಿನ ದುಡಿಮೆನ ಡಬ್ಬಿಲಿ ಹಾಕಿ ನಾಳೆಗೆ ಇಟ್ಕೊಳ್ಳಕ್ಕಾಗಲ್ಲ. ಬೆಳಿಗ್ಗೆ ಎಂಟಕ್ಕೆ ಸರ್ಕಲ್ಲಲ್ಲಿ ಗಾರೆ ಕೆಲಸಕ್ಕೆ ನಿಂತಿರೋನಿಗೆ ಹತ್ತು ಗಂಟೆ ಆಯ್ತು ಅಂದ್ರೆ ಅವತ್ತಿನ ದಿನ ಕೊಳೀತು ಅಂತಾನೇ ಅರ್ಥ. ಹತ್ತು ಗಂಟೆಗೆ ಬಂದು ಕಮ್ಮಿ ಕೂಲಿ ಹೇಳೋ ಮೇಸ್ತ್ರಿಗೆ ಇದು ಚೆನ್ನಾಗಿ ಗೊತ್ತು, ಅವನು ಪಿಯುಸಿ ಓದಿಲ್ಲ.

ಆರ್‌ಬಿಐ ಸಂಶೋಧಕರದ್ದೇ 2024ರ ಲೆಕ್ಕ ಇದೆ, ನೀವು ಟೊಮೆಟೊಗೆ ಕೊಡೋ ಒಂದು ರೂಪಾಯಲ್ಲಿ ರೈತನಿಗೆ ಸೇರೋದು ಸುಮಾರು 33 ಪೈಸೆ. ಅದು ಸರಾಸರಿ. ನಾವು ಮಂಡಿಗೆ ಹೋದ ಆ ವಾರ ನಮ್ಮ ಬೀದಿ ತಳ್ಳೋಗಾಡಿಲಿ ಕೆಜಿ 20 ಇತ್ತು, ಚಿಕ್ಕಪ್ಪಂಗೆ ಆರರಲ್ಲಿ ಒಂದು ಪಾಲು ಬಂತು. ಕೇರಳದಲ್ಲಿ 2020ರಲ್ಲಿ ಟೊಮೆಟೊನೂ ಸೇರಿಸಿ 16 ಬೆಳೆಗೆ ಮೂಲ ಬೆಲೆ, ಅಂದ್ರೆ ರೈತನಿಗೆ ಕನಿಷ್ಠ ಇಷ್ಟು ಅನ್ನೋ ಬೆಲೆ, ಇಟ್ರು. ಕೇಂದ್ರ ಸರ್ಕಾರದ ಎಂಎಸ್‌ಪಿ, ಅಂದ್ರೆ ಕನಿಷ್ಠ ಬೆಂಬಲ ಬೆಲೆ ಪಟ್ಟಿಲಿ ಟೊಮೆಟೊ ಹೆಸರೇ ಇಲ್ಲ. ಯಾಕಿಲ್ಲ ಅಂದ್ರೆ "ಬೇಗ ಕೊಳೆಯೋ ಬೆಳೆ, ಕೊಂಡು ಇಡೋದು ಕಷ್ಟ" ಅಂತಾರೆ. ಸರ್ಕಾರಕ್ಕೇ ಇಟ್ಕೊಳ್ಳಕ್ಕಾಗದೇ ಇರೋದನ್ನ ನಮ್ಮ ಚಿಕ್ಕಪ್ಪ ಎಲ್ಲಿ ಇಟ್ಕೋಬೇಕು? ಹಟ್ಟೀಲಾ? ಮಂಚದ ಕೆಳಗಾ? ಹೇಳಿ!

ಇಷ್ಟೇ. ಇದರ ಮೇಲೂ ಡಿಮ್ಯಾಂಡ್ ಸಪ್ಲೈ ಅಂತ ಬರೆಯೋರಿದ್ರೆ ಬರೀರಿ, ಎಲ್ಲಾ ಓದ್ತೀನಿ, ಭಾನುವಾರ ಲೈವಲ್ಲಿ ಒಬ್ಬೊಬ್ರಿಗೂ ಉತ್ತರ ಕೊಡ್ತೀನಿ. ಆ ಕಾಮೆಂಟ್ ಹಾಕಿದ ಅಣ್ಣನಿಗೆ ಮಾತ್ರ ಬೇರೆ ಕೇಳ್ಕೋತೀನಿ. ಚಿಕ್ಕಪ್ಪ ಮುಂದಿನ ಕೊಯ್ಲು ಮಂಗಳವಾರ ಅಂದಿದಾರೆ. ನಂಬರ್ ಮೆಸೇಜ್ ಮಾಡಿ, ಟೆಂಪೋದಲ್ಲಿ ಮುಂದೆ ಒಂದು ಸೀಟ್ ಖಾಲಿ ಇದೆ, ಹತ್ಕೊಳ್ಳಿ. ಅವನು ಹೆಬ್ಬೆಟ್ಟಲ್ಲಿ ಒತ್ತಿ ರೇಟ್ ಹೇಳ್ದಾಗ ಚಿಕ್ಕಪ್ಪನ ಬದಲು ನೀವೇ ಉತ್ತರ ಹೇಳಿ.