ಬ್ಯಾಟರಿ ಬದಲಿಸುವ ಮೊದಲು ಆ ನೀಲಿ ವೈರ್ ನೋಡಿ

ಕಾರಿಗೆ ಆಂಪ್ಲಿಫೈಯರ್ (ಹಾಡಿನ ಸದ್ದು ಜೋರು ಮಾಡುವ ಪೆಟ್ಟಿಗೆ, ಚಿಕ್ಕದಾಗಿ ಆಂಪ್) ಹಾಕಿಸಿದ ಮೇಲೆ ಬ್ಯಾಟರಿ ಡೌನ್ ಆಯಿತು ಎಂದರೆ ಸಾಕು, ಸಲಹೆ ರೆಡಿ ಇರುತ್ತದೆ. "ದೊಡ್ಡ ಬ್ಯಾಟರಿ ಹಾಕಿಸಿ." "ಕೆಪಾಸಿಟರ್ ಹಾಕಿಸಿ." (ಕೆಪಾಸಿಟರ್ ಎಂದರೆ ಸ್ವಲ್ಪ ಕರೆಂಟ್ ಹಿಡಿದಿಟ್ಟು ಕ್ಷಣದಲ್ಲಿ ಕೊಡುವ ಭಾಗ.) ಈ ಸಲಹೆ ಕೇಳಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಏನನ್ನೂ ಅಳೆದು ನೋಡದೆ ಜನರಿಂದ ಸುಮ್ನೆ ದುಡ್ಡು ಖರ್ಚು ಮಾಡಿಸುವ ಮಾತು ಇದು.

ಸ್ವಲ್ಪ ಯೋಚಿಸಿ. ದಾರಿಯುದ್ದಕ್ಕೂ ಜೋರಾಗಿ ಹಾಡು ಹಾಕಿಕೊಂಡು ಬಂದಿರಿ. ಆಗ ಇಂಜಿನ್ ಓಡುತ್ತಿತ್ತು, ಆಲ್ಟರ್ನೇಟರ್ ಕರೆಂಟ್ ಕೊಡುತ್ತಿತ್ತು. ಕಾರು ಲಾಕ್ ಮಾಡಿ ಮಲಗಿದಿರಿ. ಬೆಳಗ್ಗೆ ಸೆಲ್ಫ್ ಎತ್ತುತ್ತಿಲ್ಲ. ಹಾಗಾದರೆ ಕೇಳಬೇಕಾದ ಪ್ರಶ್ನೆ ಒಂದೇ: ಲಾಕ್ ಆದ ಮೇಲೆ ರಾತ್ರಿಯೆಲ್ಲ ಆಂಪ್ ಎಚ್ಚರವಾಗಿತ್ತಾ?

ಆಂಪ್‌ಗೆ ಹೋಗುವ ದಪ್ಪ ಪವರ್ ವೈರ್ ನೇರವಾಗಿ ಬ್ಯಾಟರಿಯಿಂದ ಬರುತ್ತದೆ. ಕೀ ತೆಗೆದರೂ ಅದರಲ್ಲಿ 12 ವೋಲ್ಟ್ ಇದ್ದೇ ಇರುತ್ತದೆ. ಅದು ತಪ್ಪಲ್ಲ, ಇರಬೇಕಾದದ್ದೇ ಹಾಗೆ. ಆಂಪ್ ಆನ್ ಮಾಡುವುದು, ಆಫ್ ಮಾಡುವುದು ಬೇರೆ ಒಂದು ತೆಳು ವೈರ್. ಅದೇ ರಿಮೋಟ್ ವೈರ್, ಸಾಮಾನ್ಯವಾಗಿ ನೀಲಿ ಬಣ್ಣದ್ದು ಅಥವಾ ನೀಲಿಯ ಮೇಲೆ ಬಿಳಿ ಗೆರೆ ಇರುವುದು. ಅದರಲ್ಲಿ ವೋಲ್ಟೇಜ್ ಬಂದರೆ ಆಂಪ್ ಏಳುತ್ತದೆ, ಹೋದರೆ ಮಲಗುತ್ತದೆ.

ಕೆಲಸ ಬೇಗ ಮುಗಿಯಲಿ ಎಂದು ಈ ವೈರನ್ನು ಯಾವಾಗಲೂ ಕರೆಂಟ್ ಇರುವ ಜಾಗಕ್ಕೆ ಜೋಡಿಸಿಬಿಟ್ಟರೆ ಆಂಪ್ ಮಲಗುವುದೇ ಇಲ್ಲ. ಹಾಡು ಇಲ್ಲದಿದ್ದರೂ ಆನ್ ಆಗಿರುವ ಆಂಪ್ ಸುಮಾರು 1 ಆಂಪಿಯರ್ ಕರೆಂಟ್ ಎಳೆಯಬಹುದು, ಕೆಲವು ಕಡಿಮೆ, ಕೆಲವು ಇನ್ನೂ ಜಾಸ್ತಿ. 1 ಆಂಪಿಯರ್ ಎಂದೇ ಲೆಕ್ಕ ಹಾಕಿ. 24 ಗಂಟೆಗೆ 24 ಆಂಪಿಯರ್ ಅವರ್ (ಬ್ಯಾಟರಿಯ ಸಾಮರ್ಥ್ಯ ಹೇಳುವ ಅಳತೆ). 45 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಇಂಥ ಕಡೆ ದೊಡ್ಡ ಬ್ಯಾಟರಿ ಹಾಕಿದರೆ ಅದು ಡೌನ್ ಆಗುವುದು ಒಂದು ದಿನ ತಡವಾಗುತ್ತದೆ, ಅಷ್ಟೇ.

ಇನ್ನೊಂದು ಕಳ್ಳದಾರಿ ಸ್ಟೀರಿಯೊ ಹಿಂದೆ ಇರುತ್ತದೆ. ಹಳದಿ ವೈರ್ ಮೆಮೊರಿಗೆ, ಅದಕ್ಕೆ ಯಾವಾಗಲೂ ಕರೆಂಟ್ ಬೇಕು. ಕೆಂಪು ವೈರ್ ಕೀ ತಿರುಗಿಸಿದಾಗ ಮಾತ್ರ ಜೀವ ಬರುವ ಎಸಿಸಿ (ಆಕ್ಸೆಸರಿ) ಲೈನಿಗೆ ಹೋಗಬೇಕು. ಎರಡನ್ನೂ ಯಾವಾಗಲೂ ಕರೆಂಟ್ ಇರುವ ಲೈನಿಗೆ ಒಟ್ಟಿಗೆ ಸುತ್ತಿ ಟೇಪ್ ಹಾಕಿದರೆ, ಕೀ ತೆಗೆದರೂ ಸ್ಟೀರಿಯೊ ಆಫ್ ಆಗುವುದಿಲ್ಲ. ಅದು ರಿಮೋಟ್ ವೈರಿಗೂ ವೋಲ್ಟೇಜ್ ಕೊಡುತ್ತಲೇ ಇರುತ್ತದೆ. ಕಂಪನಿ ಸ್ಟೀರಿಯೊದಲ್ಲಿ ರಿಮೋಟ್ ವೈರಿಗೆ ಲೈನ್ ಕೊಡುವ ರಿಮೋಟ್ ಔಟ್ ಇಲ್ಲದಿದ್ದರೆ, ಕೀ ತೆಗೆದಾಗ ಸತ್ತುಹೋಗುವ ಫ್ಯೂಸ್ ಒಂದನ್ನು ಮೀಟರ್ ಹಿಡಿದು ಹುಡುಕಿ, ಅಲ್ಲಿಂದ ಲೈನ್ ತೆಗೆದುಕೊಳ್ಳಬೇಕು. ಅಂದಾಜಿನ ಮೇಲೆ ಅಲ್ಲ.

ಪರೀಕ್ಷೆ ಎಷ್ಟು ಸುಲಭ ಗೊತ್ತಾ? ಕೀ ತೆಗೆದು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಬಿಡಿ. ಕೆಲವು ಕಾರುಗಳಲ್ಲಿ ಸ್ಟೀರಿಯೊ ತಕ್ಷಣ ಆಫ್ ಆಗುವುದಿಲ್ಲ. ಆಮೇಲೆ ಮಲ್ಟಿಮೀಟರ್‌ನ ಕಪ್ಪು ಪ್ರೋಬ್ ಆಂಪ್‌ನ ಗ್ರೌಂಡಿಗೆ, ಕೆಂಪು ಪ್ರೋಬ್ ರಿಮೋಟ್ ಟರ್ಮಿನಲ್ಲಿಗೆ ಇಡಿ. ಸೊನ್ನೆ ಬರಬೇಕು. 12 ಬಂದರೆ ಕಳ್ಳ ಸಿಕ್ಕಿದ ಹಾಗೆ. ಸೊನ್ನೆ ಬಂದರೂ ಬ್ಯಾಟರಿ ಡೌನ್ ಆಗುತ್ತಿದೆಯಾ? ಹಾಗಾದರೆ ಬ್ಯಾಟರಿಯ ನೆಗೆಟಿವ್ ಕೇಬಲ್ ಮೇಲೆ ಡಿಸಿ ಕ್ಲ್ಯಾಂಪ್ ಮೀಟರ್ (ವೈರ್ ಬಿಚ್ಚದೆ ಅದರ ಸುತ್ತ ಹಿಡಿದು ಕರೆಂಟ್ ಅಳೆಯುವ ಮೀಟರ್) ಹಾಕಿ ನೋಡಿ. ಕಾರು ಪೂರ್ತಿ ಮಲಗಲು ಅರ್ಧ ಗಂಟೆಯಾದರೂ ಬೇಕಾಗಬಹುದು. ಆಮೇಲೆ ಸಾಮಾನ್ಯವಾಗಿ 50 ಮಿಲಿಆಂಪಿಯರ್‌ಗಿಂತ ಕಡಿಮೆ ಇರಬೇಕು. ಜಾಸ್ತಿ ಇದ್ದರೆ ಆಂಪ್‌ನ ಫ್ಯೂಸ್ ತೆಗೆಯಿರಿ. ರೀಡಿಂಗ್ ಇಳಿದರೆ ತೊಂದರೆ ಆಂಪ್ ಕಡೆ, ಇಳಿಯದಿದ್ದರೆ ಪಾಪದ ಆಂಪನ್ನು ಬಿಟ್ಟು ಬೇರೆ ಕಡೆ ಹುಡುಕಿ.

ಹಾಂ, ಫ್ಯೂಸ್ ಎಂದೆನಲ್ಲ. ಬ್ಯಾಟರಿ ಹತ್ತಿರ, ಸುಮಾರು 45 ಸೆಂಟಿಮೀಟರ್ ಒಳಗೆ ಇನ್ನೊಂದು ಫ್ಯೂಸ್ ಇರಲೇಬೇಕು. ಅದು ಆಂಪ್ ಉಳಿಸಲು ಅಲ್ಲ. ಆ ಉದ್ದದ ವೈರ್ ಎಲ್ಲೋ ಕಾರಿನ ಲೋಹದ ಬಾಡಿಯನ್ನು ತಾಗಿ ಶಾರ್ಟ್ ಆದರೆ ಕಾರಿಗೆ ಬೆಂಕಿ ಹತ್ತದಿರಲು. ಇದರಲ್ಲಿ ಮಾತ್ರ ರಾಜಿ ಬೇಡ, ದಯವಿಟ್ಟು.

ಇಂಜಿನ್ ಆಫ್ ಮಾಡಿ ಗಂಟೆಗಟ್ಟಲೆ ಹಾಡು ಕೇಳುವವರ ಕಥೆ ಬೇರೆ. ಅಲ್ಲಿ ವೈರಿಂಗ್ ಎಷ್ಟೇ ಸರಿ ಇದ್ದರೂ ಬ್ಯಾಟರಿ ಖಾಲಿಯಾಗುತ್ತದೆ. ಅಂಥವರಿಗೆ ಐಸೊಲೇಟರ್ (ಎರಡು ಬ್ಯಾಟರಿಗಳನ್ನು ಬೇರೆ ಬೇರೆಯಾಗಿ ಇಡುವ ಸಾಧನ) ಜೊತೆ ಎರಡನೇ ಬ್ಯಾಟರಿ ನಿಜಕ್ಕೂ ಉಪಯೋಗ. ಕೆಪಾಸಿಟರ್ ಅಲ್ಲ, ಅದು ಬಾಸ್ ಹೊಡೆದ ಕ್ಷಣಕ್ಕೆ ಆಸರೆ ಕೊಡುತ್ತದೆ, ರಾತ್ರಿಯಿಡೀ ಅಲ್ಲ.

ಹಾಗಾಗಿ ಆಂಪ್ ಹಾಕಿಸಿದ ದಿನ ಸೌಂಡ್ ಕೇಳಿ ಖುಷಿಪಟ್ಟು ಹಾಗೇ ಹೊರಡಬೇಡಿ. ಕೀ ತೆಗೆದ ಮೇಲೆ ರಿಮೋಟ್ ಟರ್ಮಿನಲ್ಲಿನಲ್ಲಿ ಎಷ್ಟು ವೋಲ್ಟ್ ಇದೆ ತೋರಿಸಿ ಎಂದು ಕೇಳಿ. ಕೆಲಸ ಮಾಡಿದವರು ಮೀಟರ್ ತಂದು ತೋರಿಸಬೇಕು. ಸೊನ್ನೆ ಬಂದ ಮೇಲೆಯೇ ದುಡ್ಡು ಕೊಡಿ.