ಬಂಪರ್‌ಗೆ ಅಂಟು ಬೇಡ, ಬೆಸುಗೆ ಹಾಕಿ

ಕೇಳುಗರಿಗೆ ನಮಸ್ಕಾರ.

ಇವತ್ತಿನ ಮಾತು ಒಡೆದ ಬಂಪರ್ ಬಗ್ಗೆ. ಕಾರಿನ ಮುಂದೆ ಹಿಂದೆ ಇರುತ್ತದಲ್ಲ, ಆ ಪ್ಲಾಸ್ಟಿಕ್ ಬಂಪರ್. ಕಾರು ಇದ್ದವರ ಮನೆಯಲ್ಲಿ ಇವತ್ತಲ್ಲ ನಾಳೆ ಅದು ಒಡೆದೇ ಒಡೆಯುತ್ತದೆ. ಅಪಾರ್ಟ್‌ಮೆಂಟ್ ಕಂಬಕ್ಕೆ ತಾಗುತ್ತದೆ, ಬಣ್ಣ ಬಳಿಯದ ಹಂಪ್‌ಗೆ ತಾಗುತ್ತದೆ, ಅಥವಾ ಸಿಗ್ನಲ್‌ನಲ್ಲಿ ಸುಮ್ನೆ ನಿಂತಿದ್ದಾಗ ಯಾರೋ ಬೈಕಿನವರು ಬಂದು ಮುತ್ತು ಕೊಟ್ಟು ಹೋಗುತ್ತಾರೆ.

ನನ್ನದು ಒಡೆದದ್ದು ಒರಳುಕಲ್ಲಿಗೆ. ತಿಪಟೂರಿನ ಹತ್ತಿರ ನನ್ನ ಹೆಂಡತಿಯ ತವರು. ಯುಗಾದಿ ಮುಗಿಸಿ ಹೊರಟಿದ್ದೆವು. ಡಿಕ್ಕಿ ತುಂಬ ತೆಂಗಿನಕಾಯಿ, ಅದರ ಮೇಲೆ ಎರಡು ಚೀಲ, ಹಿಂದಿನ ಗಾಜಿನಲ್ಲಿ ಏನೂ ಕಾಣುತ್ತಿಲ್ಲ. ರಿವರ್ಸ್ ತೆಗೆದೆ, ಡಿಕ್ಕಿಯನ್ನೇ ಡಿಕ್ಕಿ ಹೊಡೆಸಿದೆ. ಅಂಗಳದ ಮೂಲೆಯಲ್ಲಿ ಹಳೆಯ ಒರಳುಕಲ್ಲು ಬಿದ್ದುಕೊಂಡಿತ್ತು. ನಾನು ಇಳಿದು ನೋಡಿ, ಇದನ್ನು ಇಲ್ಲಿ ಯಾರು ಇಟ್ಟರು ಅಂದೆ. ನಮ್ಮತ್ತೆ ಬಾಗಿಲಲ್ಲೇ ನಿಂತು, "ಅದು ನಾನು ಮದುವೆಯಾಗಿ ಬಂದಾಗಿನಿಂದ ಅಲ್ಲೇ ಇದೆ ಅಳಿಯಂದಿರೇ, ಹೋದದ್ದು ನಿಮ್ಮ ಕಾರು" ಅಂದರು. ಹಿಂದಿನ ಬಂಪರ್ ಒಂದು ಗೇಣು ಸೀಳಿತ್ತು. ಕೆಳಗಿನ ಅಂಚಿನಿಂದ ಶುರುವಾಗಿ ಮೇಲಕ್ಕೆ ಓರೆಯಾಗಿ ಹೋಗಿತ್ತು.

ಗ್ಯಾರೇಜಿನಲ್ಲಿ ಕೇಳಿದರೆ ಒಂದೇ ಉತ್ತರ. "ಹೊಸದು ಹಾಕಿಬಿಡೋಣ ಸಾರ್, ಇನ್ಶೂರೆನ್ಸ್ ಇದೆಯಲ್ಲ." ಇನ್ಶೂರೆನ್ಸ್ ಇದೆ, ನಿಜ. ಆದರೆ ಲೆಕ್ಕ ಹಾಕಿ ನೋಡಿ. ಮಾಮೂಲಿ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ನೈಲಾನ್ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ಅಂದರೆ ಬಂಪರ್ ಬೆಲೆ 4,000 ಅಂತ ಇಟ್ಟುಕೊಂಡರೆ 2,000 ನಮ್ಮದೇ. ಜೀರೋ ಡೆಪ್, ಅಂದರೆ ಸವಕಳಿ ಕಳೆಯದ ಪಾಲಿಸಿ ಇದ್ದವರಿಗೆ ಇದು ಇಲ್ಲ. ಅದಲ್ಲದೆ ಕಡ್ಡಾಯವಾಗಿ ನಾವು ಹಾಕಬೇಕಾದ ಮೊತ್ತ ಒಂದಿದೆ, 1500 ಸಿಸಿವರೆಗಿನ ಕಾರಿಗೆ 1,000 ರೂಪಾಯಿ, ಅದಕ್ಕಿಂತ ದೊಡ್ಡದಕ್ಕೆ 2,000. ಅದೂ ಹೋಗಲಿ ಅನ್ನಿ. ನಿಜವಾದ ಏಟು ನೋ ಕ್ಲೈಮ್ ಬೋನಸ್‌ಗೆ ಬೀಳುತ್ತದೆ. ಕ್ಲೈಮ್ ಮಾಡದೆ ಇದ್ದರೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ ಅದು, ಮೊದಲ ವರ್ಷಕ್ಕೆ ಶೇಕಡಾ 20, ಆಮೇಲೆ 25, 35, 45, ಐದು ವರ್ಷ ಕ್ಲೈಮ್ ಮಾಡದೆ ಬಂದರೆ 50. ಇಷ್ಟು ಮೆಟ್ಟಿಲು ಹತ್ತಿದವರು ಒಂದು ಬಂಪರ್‌ಗೋಸ್ಕರ ಕ್ಲೈಮ್ ಹಾಕಿದರೆ ಸೊನ್ನೆಗೆ ಬಂದು ನಿಲ್ಲುತ್ತಾರೆ, ಮುಂದಿನ ವರ್ಷದ ಪ್ರೀಮಿಯಂ ನೋಡಿದಾಗ ಗೊತ್ತಾಗುತ್ತದೆ. ನಾನು ಮೂರನೇ ಮೆಟ್ಟಿಲಲ್ಲಿದ್ದೆ. ಇಳಿಯಲು ಮನಸ್ಸು ಬರಲಿಲ್ಲ.

ಹಾಗಾಗಿ ಮನೆಯಲ್ಲೇ ಮಾಡೋಣ ಅಂತ ಹೊರಟೆ, ಎಲ್ಲರ ಹಾಗೆ ತಪ್ಪೇ ಮಾಡಿದೆ. ಎರಡು ಟ್ಯೂಬು ಕಲಸಿ ಹಚ್ಚುವ ಗಟ್ಟಿ ಅಂಟು ತಂದು, ಒಳಗಿನಿಂದ ದಪ್ಪಗೆ ಮೆತ್ತಿದೆ. ಕಲ್ಲಿನ ಹಾಗೆ ಗಟ್ಟಿಯಾಯಿತು. ಎರಡು ವಾರ ಬಹಳ ಖುಷಿಯಲ್ಲಿದ್ದೆ. ಆಮೇಲೆ ಒಂದು ದಿನ ಕಾರು ತೊಳೆಯುವಾಗ ಕೈ ತಾಗಿತು ನೋಡಿ, ಗಾಯದ ಹಕ್ಕಳೆ ಎದ್ದ ಹಾಗೆ ಇಡೀ ಅಂಟು ಒಂದೇ ಪಟ್ಟಿಯಾಗಿ ಕಿತ್ತು ಬಂತು. ಅದರ ಅಡಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಅಂಟಿನ ತಪ್ಪೇನಿಲ್ಲ, ಅದು ಎಲ್ಲೂ ಮುರಿದಿರಲಿಲ್ಲ. ಅದು ಬಂಪರ್ ಅನ್ನು ಹಿಡಿದುಕೊಂಡೇ ಇರಲಿಲ್ಲ, ಅಷ್ಟೇ.

ಯಾಕೆ ಅನ್ನುವುದು ನನಗೆ ಹೊಳೆದದ್ದು ನಮ್ಮ ಬೀದಿಯಲ್ಲಿ. "ಬಕೆಟ್ ರಿಪೇರಿ, ಕೊಡ ರಿಪೇರಿ" ಅಂತ ಕೂಗುತ್ತಾ ಬರುವವರನ್ನು ನೀವೂ ನೋಡಿರುತ್ತೀರಿ, ಈಗ ಕಡಿಮೆಯಾಗಿದ್ದಾರೆ. ಪಕ್ಕದ ಮನೆಯವರು ಒಂದು ಸೀಳಿದ ಕೊಡ ಕೊಟ್ಟಿದ್ದರು. ಆ ಮನುಷ್ಯ ಅಂಟಿನ ಡಬ್ಬಿ ತೆಗೆಯಲೇ ಇಲ್ಲ. ಚೀಲದಿಂದ ಬಣ್ಣಬಣ್ಣದ ಹಳೆಯ ಪ್ಲಾಸ್ಟಿಕ್ ಚೂರುಗಳನ್ನು ಸುರಿದು, ಒಂದೊಂದನ್ನೇ ಬಗ್ಗಿಸಿ, ಉಗುರಲ್ಲಿ ಗೀರಿ, ಕೊನೆಗೆ ಒಂದನ್ನು ಆರಿಸಿದ. ಕಬ್ಬಿಣದ ಪಟ್ಟಿ ಕಾಯಿಸಿ ಕೊಡವನ್ನೂ ಚೂರನ್ನೂ ಒಟ್ಟಿಗೆ ಕರಗಿಸಿ ಒತ್ತಿದ. ಅದು ಹಳದಿ ಚೂರು, ಕೊಡ ನೀಲಿ, ಎರಡೂ ಸೇರುವ ಕಡೆ ಹಸಿರಾಯಿತು. ಅಂಟಿದ್ದಲ್ಲ, ಕಲೆತುಹೋಗಿತ್ತು. ಬಂಪರ್‌ಗೂ ಬೇಕಾದದ್ದು ಇದೇ.

ಸಂಗತಿ ಏನೆಂದರೆ, ಈಗಿನ ಹೆಚ್ಚಿನ ಬಂಪರ್‌ಗಳು ಪಾಲಿಪ್ರೊಪಿಲೀನ್. ಮನೆಯ ಪ್ಲಾಸ್ಟಿಕ್ ಕುರ್ಚಿ, ಮಸಾಲೆ ಡಬ್ಬಿ ಸಾಮಾನ್ಯವಾಗಿ ಅದೇ ಜಾತಿ, ತಳದಲ್ಲಿ ತ್ರಿಕೋನದೊಳಗೆ 5 ಅಂತ ಇರುತ್ತದಲ್ಲ, ಅದು. ಬಂಪರ್‌ನಲ್ಲಿ ಅದಕ್ಕೆ ರಬ್ಬರ್ ಬೆರೆಸಿ ಬಾಗುವ ಹಾಗೆ ಮಾಡಿರುತ್ತಾರೆ. ಈ ಪ್ಲಾಸ್ಟಿಕ್‌ನ ಮೈ ಒಂಥರಾ ಕೆಸುವಿನ ಎಲೆ ಇದ್ದ ಹಾಗೆ. ನೀರು ಹಾಕಿದರೆ ಮುತ್ತಾಗಿ ಜಾರುತ್ತದೆ, ಅಂಟು ಹಾಕಿದರೂ ಒಳಗೆ ಇಳಿಯುವುದಿಲ್ಲ. ಆದರೆ 165 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಆರಿದ ಮೇಲೆ ಮತ್ತೆ ಮೊದಲಿನ ಹಾಗೇ ಗಟ್ಟಿಯಾಗುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಿಮ್ಮ ಬಂಪರ್ ಯಾವ ಜಾತಿ ಅಂತ ಅದರ ಬೆನ್ನಲ್ಲೇ ಬರೆದಿರುತ್ತದೆ. ಬಿಚ್ಚಿ ಒಳಗಡೆ ನೋಡಿ, ಎರಡು ಬಾಣದ ಗುರುತುಗಳ ನಡುವೆ ಉಬ್ಬು ಅಕ್ಷರಗಳಿರುತ್ತವೆ. ಪಿಪಿ ಪ್ಲಸ್ ಇಪಿಡಿಎಂ, ಅದರ ಪಕ್ಕ ಟಿಡಿ 20 ಅಂತ ಇದ್ದರೆ, ಪಾಲಿಪ್ರೊಪಿಲೀನ್, ಜೊತೆಗೆ ರಬ್ಬರ್, ಶೇಕಡಾ 20 ಟಾಲ್ಕ್ ಪುಡಿ ಅಂತ ಅರ್ಥ. ಹೌದು, ಮುಖಕ್ಕೆ ಹಚ್ಚುವ ಪೌಡರ್‌ನಲ್ಲಿ ಇರುತ್ತಿದ್ದ ಅದೇ ಟಾಲ್ಕ್. ಚೂರೊಂದನ್ನು ನೀರಿಗೆ ಹಾಕಿ, ತೇಲಿದರೆ ಪಿಪಿ ಅಂತ ಹೇಳುವವರಿದ್ದಾರೆ. ಬರೀ ಪಿಪಿ ತೇಲುತ್ತದೆ ನಿಜ, ಆದರೆ ಟಾಲ್ಕ್ ಜಾಸ್ತಿ ಇದ್ದರೆ ಮುಳುಗಿಬಿಡಬಹುದು. ಅಕ್ಷರ ನಂಬಿ, ಬಕೆಟ್ ನಂಬಬೇಡಿ. ಎಬಿಎಸ್ ಅನ್ನುವ ಇನ್ನೊಂದು ಜಾತಿಯ ಪ್ಲಾಸ್ಟಿಕ್ ಆಗಿದ್ದರೆ ಕತೆಯೇ ಬೇರೆ, ಅದು ಉಗುರುಬಣ್ಣ ತೆಗೆಯಲು ಬಳಸುವ ಅಸಿಟೋನ್‌ನಲ್ಲಿ ಕರಗುತ್ತದೆ. ಚೂರುಗಳನ್ನು ಅಸಿಟೋನ್‌ನಲ್ಲಿ ನೆನೆಸಿ ದೋಸೆ ಹಿಟ್ಟಿನ ಹದಕ್ಕೆ ತಂದು ಬಿರುಕಿಗೆ ತುಂಬಬಹುದು. ಮುಂದಿನ ಗ್ರಿಲ್ ಎಷ್ಟೋ ಕಾರುಗಳಲ್ಲಿ ಎಬಿಎಸ್. ಪಿಪಿಗೆ ಅಸಿಟೋನ್ ಹಾಕಿದರೆ ಅದು ತಿರುಗಿಯೂ ನೋಡುವುದಿಲ್ಲ.

ಈಗ ಕೆಲಸ. ಬಂಪರ್ ಕಳಚಿಯೇ ಮಾಡಿ. ಕಾರಿನ ಮೇಲೇ ಇಟ್ಟು ಬಿಸಿ ಕಬ್ಬಿಣ ಹಿಡಿಯಬೇಡಿ, ಹಿಂದಿನ ಬಂಪರ್ ಆದರಂತೂ ಪೆಟ್ರೋಲ್ ಟ್ಯಾಂಕ್ ಅಲ್ಲೇ ಹತ್ತಿರ ಇರುತ್ತದೆ. ಚಕ್ರದ ಕಮಾನಿನ ಒಳಗೆ ಸ್ಕ್ರೂಗಳು, ಕೆಳಗಡೆ ಪ್ಲಾಸ್ಟಿಕ್ ಕ್ಲಿಪ್‌ಗಳು, ಡಿಕ್ಕಿ ಬಾಗಿಲು ತೆಗೆದರೆ ಇನ್ನೆರಡು. ಎಲ್ಲ ಬಿಚ್ಚಿದೆ ಅಂದುಕೊಂಡು ಎಳೆಯುವ ಮೊದಲು ಇನ್ನೊಮ್ಮೆ ತಡಕಿ ನೋಡಿ. ಫಾಗ್ ಲ್ಯಾಂಪಿನದೋ ಪಾರ್ಕಿಂಗ್ ಸೆನ್ಸರಿನದೋ ವೈರ್ ಇರುತ್ತದೆ. ಇಬ್ಬರು ಹಿಡಿದು ಇಳಿಸಿ, ಹಳೆಯ ಬೆಡ್‌ಶೀಟ್ ಮೇಲೆ ಬೋರಲು ಹಾಕಿ. ಕ್ಲಿಪ್‌ಗಳಲ್ಲಿ ಎರಡು ಮೂರು ಮುರಿದೇ ಮುರಿಯುತ್ತವೆ, ಮೊದಲೇ ಹತ್ತು ತಂದಿಟ್ಟುಕೊಳ್ಳಿ.

ಇಳಿಸಿದಾಗ ಹಿಂದೆ ಏನಿದೆ ನೋಡಿ. ನಾವು ಬಂಪರ್ ಅನ್ನುವುದು ಬರೀ ಚರ್ಮ. ಅಂಬಾಸಿಡರ್, ಪದ್ಮಿನಿ ಕಾಲದಲ್ಲಿ ಹೊಳೆಯುವ ಕಬ್ಬಿಣದ ಪಟ್ಟಿಯೇ ಬಂಪರ್ ಆಗಿತ್ತು. 1972ರಲ್ಲಿ ಫ್ರಾನ್ಸಿನ ರೆನೋ 5 ಪ್ಲಾಸ್ಟಿಕ್ ಬಂಪರ್ ಹಾಕಿಕೊಂಡು ಬಂತು, ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಆ ಕಡೆ ಹೋದರು. ಈಗ ಏಟು ತಡೆಯುವ ಪಟ್ಟಿ ಹೆಚ್ಚಿನ ಕಾರುಗಳಲ್ಲಿ ಒಳಗೆ ಅಡಗಿರುತ್ತದೆ, ಕೆಲವದರಲ್ಲಿ ಅದರ ಮುಂದೆ ಫೋಮ್ ಕೂಡ. ಆ ಪಟ್ಟಿ ಬಗ್ಗಿದ್ದರೆ ಚರ್ಮ ಹೊಲಿದು ಪ್ರಯೋಜನವಿಲ್ಲ. ಆಗ ಮರ್ಯಾದೆಯಾಗಿ ಗ್ಯಾರೇಜಿಗೆ ಹೋಗಿ.

ಸೋಪು ಹಾಕಿ ಚೆನ್ನಾಗಿ ತೊಳೆಯಿರಿ, ಒಣಗಿದ ಮೇಲೆ ಸ್ಪಿರಿಟ್‌ನಲ್ಲಿ ಒರೆಸಿ ಅದು ಪೂರ್ತಿ ಆರಲು ಬಿಡಿ, ಇಲ್ಲದಿದ್ದರೆ ಬೆಂಕಿ ಹಿಡಿದೀತು. ಬಿರುಕು ಎಲ್ಲಿ ನಿಂತಿದೆಯೋ ಆ ತುದಿಯಲ್ಲಿ 3 ಮಿಲಿಮೀಟರ್ ಬಿಟ್ ಹಾಕಿ ಒಂದು ತೂತು ಕೊರೆಯಿರಿ. ಒಡೆದದ್ದಕ್ಕೆ ಇನ್ನೊಂದು ತೂತು ಯಾಕಪ್ಪಾ ಅನ್ನಿಸಬಹುದು. ಬಿರುಕಿನ ತುದಿ ಸೂಜಿಯ ಹಾಗೆ ಚೂಪು, ಕಾರು ಅಲುಗಿದಾಗೆಲ್ಲ ಮುಂದೆ ಸೀಳುತ್ತಲೇ ಇರುತ್ತದೆ. ದುಂಡಗಿನ ತೂತಿಗೆ ಬಂದರೆ ಅಲ್ಲಿಗೆ ನಿಲ್ಲುತ್ತದೆ.

ಹೊರಗಡೆಯಿಂದ ಎರಡೂ ಅಂಚು ಸರಿಯಾಗಿ ಕೂಡಿಸಿ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಇಲ್ಲಿ ಅವಸರ ಬೇಡ, ಇಲ್ಲಿ ಒಂದು ಕೂದಲೆಳೆ ತಪ್ಪಿದರೆ ಕೊನೆಗೆ ಎಷ್ಟು ಉಜ್ಜಿದರೂ ಮೆಟ್ಟಿಲು ಕಾಣುತ್ತದೆ. ಆಮೇಲೆ ಒಳಗಡೆಯಿಂದ ಸೋಲ್ಡರಿಂಗ್ ಐರನ್. ರೇಡಿಯೊ ರಿಪೇರಿಯ ಸಣ್ಣ 25 ವ್ಯಾಟ್‌ನದು ಸಾಲುವುದಿಲ್ಲ. 60 ವ್ಯಾಟ್, ಚಪ್ಪಟೆ ಮೂತಿಯದು ಬೇಕು. ಮೊದಲು ಒಂದೊಂದು ಇಂಚಿಗೆ ಬಟ್ಟೆಗೆ ಕಚ್ಚಾ ಹೊಲಿಗೆ ಹಾಕಿದ ಹಾಗೆ ಮೂತಿ ಒತ್ತಿ ಅಂಚುಗಳನ್ನು ಹಿಡಿಸಿ. ನಂತರ ಬಿರುಕಿನ ಉದ್ದಕ್ಕೂ ಅರ್ಧ ದಪ್ಪದವರೆಗೆ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಲುವೆ ತೆಗೆಯಿರಿ. ಆ ಕಾಲುವೆಗೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ತುಂಬಬೇಕು.

ಎಲ್ಲಿಂದ ತರುವುದು? ಪಿಪಿ ಕಡ್ಡಿಗಳು ಆನ್‌ಲೈನ್ ಸಿಗುತ್ತವೆ. ನಾನು ಬಂಪರ್‌ನದೇ ಒಳ ಅಂಚಿನಲ್ಲಿ, ಯಾರಿಗೂ ಕಾಣದ ಕಡೆ ಒಂದು ಸಣ್ಣ ಪಟ್ಟಿ ಕತ್ತರಿಸಿಕೊಂಡೆ. ಬೆಂಗಳೂರಿನವರಾದರೆ ಶಿವಾಜಿನಗರದ ಗುಜರಿಯಲ್ಲಿ ಒಡೆದ ಬಂಪರ್ ತುಂಡು ಕೇಳಬಹುದು. ಕೇಬಲ್ ಟೈ ಕರಗಿಸಬೇಡಿ, ಅದು ನೈಲಾನ್. ಹಾಲಿನ ಕವರ್, ಶಾಂಪೂ ಬಾಟಲಿ ಪಾಲಿಥೀನ್ ಜಾತಿ, ಬೆರೆತ ಹಾಗೆ ಕಾಣುತ್ತದೆ, ಆಮೇಲೆ ಕೈ ಕೊಡುತ್ತದೆ. ಯಾವುದೇ ಆಗಲಿ, ಮೊದಲು ಒಳಗಡೆ ಒಂದು ಮೂಲೆಯಲ್ಲಿ ಚೂರು ಕರಗಿಸಿ ಹಾಕಿ, ಪೂರ್ತಿ ಆರಿದ ಮೇಲೆ ಕಟಿಂಗ್ ಪ್ಲೈಯರ್‌ನಲ್ಲಿ ಎಳೆಯಿರಿ. ಸಲೀಸಾಗಿ ಎದ್ದು ಬಂದರೆ ಅದು ಬೇರೆ ಜಾತಿ. ಬಕೆಟ್ ರಿಪೇರಿಯವನು ಉಗುರಲ್ಲಿ ಗೀರಿ ನೋಡಿದ್ದು ಇದನ್ನೇ.

ಹದ ಮೂಗಿಗೆ ಗೊತ್ತಾಗುತ್ತದೆ. ಸರಿಯಾಗಿ ಕರಗುವಾಗ ಮೇಣದಬತ್ತಿ ಆರಿಸಿದ ವಾಸನೆ, ಪ್ಲಾಸ್ಟಿಕ್ ತುಪ್ಪದ ಹಾಗೆ ಹೊಳೆಯುತ್ತಾ ಬರುತ್ತದೆ. ಹೊಗೆ ಎದ್ದು ಬಣ್ಣ ಕಂದಾದರೆ ಸುಟ್ಟಿತು, ಆ ಜಾಗ ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಹಾಗಾಗಿ ಒಂದೇ ಕಡೆ ನಿಲ್ಲಿಸದೆ ಕೈ ಆಡಿಸುತ್ತಿರಿ. ಸುಟ್ಟರೂ ಸುಡದಿದ್ದರೂ ಬಯಲಲ್ಲಿ ಕೂತು ಮಾಡಿ, ಅಡುಗೆಮನೆಯಲ್ಲಿ ಬೇಡ.

ಬರೀ ಬೆಸುಗೆ ಸಾಕಾಗುವುದಿಲ್ಲ, ಒಳಗಡೆ ಜಾಲರಿ ಬೇಕು. ಸ್ಟೀಲ್ ಜಾಲರಿಯೇ ಬೇಕು, ಕಬ್ಬಿಣದ್ದಾದರೆ ಎರಡು ಮಳೆಗಾಲಕ್ಕೆ ತುಕ್ಕು. ನಮ್ಮ ಮನೆಯಲ್ಲಿ ಅಂಚು ಬಿಟ್ಟ ಹಿಟ್ಟಿನ ಜರಡಿ ಒಂದಿತ್ತು, ಯಾರೂ ಬಳಸುವುದಿಲ್ಲ ಅಂದುಕೊಂಡು ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿದೆ. ಬಿರುಕಿನ ಮೇಲೆ ಇಟ್ಟು ಐರನ್ ಒತ್ತಿದರೆ ಅದು ನಿಧಾನಕ್ಕೆ ಕೆಸರಲ್ಲಿ ಕಾಲು ಹೂತ ಹಾಗೆ ಇಳಿಯುತ್ತದೆ, ಸಣ್ಣ ಸಣ್ಣ ಕಣ್ಣುಗಳಿಂದ ಪ್ಲಾಸ್ಟಿಕ್ ಮೇಲೆ ಉಕ್ಕುತ್ತದೆ. ಒಂದೂ ತಂತಿ ಕಾಣದ ಹಾಗೆ ಮೇಲೆ ಇನ್ನೊಂದು ಪದರ ಪ್ಲಾಸ್ಟಿಕ್ ಕೊಡಿ. ಗ್ಯಾರೇಜುಗಳಲ್ಲಿ ಬಿಸಿ ಪಿನ್ ಹೊಡೆಯುವ ಗನ್ ಇರುತ್ತದೆ, ಬೇಗ ಆಗುತ್ತದೆ, ಆದರೆ ಪಿನ್ ಎರಡು ದಡವನ್ನು ಹಿಡಿದಿಡುತ್ತದೆ, ಕೂಡಿಸುವುದಿಲ್ಲ. ನನಗೆ ಜಾಲರಿಯೇ ಮೆಚ್ಚು.

ಪೂರ್ತಿ ಆರಿದ ಮೇಲೆ ತಿರುಗಿಸಿ, ಟೇಪ್ ತೆಗೆದು, ಹೊರಗಡೆಯೂ ಕಾಲುವೆ ತೆಗೆದು ತುಂಬಿ. 80 ನಂಬರ್ ಉಪ್ಪು ಕಾಗದದಿಂದ ಶುರುಮಾಡಿ 180, 320 ಅಂತ ಉಜ್ಜಿ. ಕೈಯಲ್ಲೇ ಉಜ್ಜಿ. ಡ್ರಿಲ್ಲಿಗೆ ಚಕ್ರ ಸಿಕ್ಕಿಸಿ ಜೋರಾಗಿ ತಿರುಗಿಸಿದರೆ ಬಿಸಿಗೆ ಪ್ಲಾಸ್ಟಿಕ್ ಮೆತ್ತಗಾಗಿ ಬೆಕ್ಕಿನ ಮೈಯ ಹಾಗೆ ರೋಮ ಏಳುತ್ತದೆ. ತಗ್ಗು ಉಳಿದರೆ ಬಂಪರ್‌ಗೆ ಅಂತಲೇ ಇರುವ, ಬಾಗುವ ಪುಟ್ಟಿ ಹಾಕಿ. ಡೋರಿಗೆ ಹಾಕುವ ಪುಟ್ಟಿ ಇಲ್ಲಿ ಬಿರಿಯುತ್ತದೆ.

ಪೇಂಟ್ ವಿಷಯ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ನನಗೆ ಅದು ಕೈಹಿಡಿಯಲಿಲ್ಲ. ಪ್ಲಾಸ್ಟಿಕ್ ಪ್ರೈಮರ್ ಮೊದಲು ಹೊಡೆಯದಿದ್ದರೆ ಪೇಂಟೂ ನನ್ನ ಅಂಟಿನ ಹಾಗೆ ಸಿಪ್ಪೆ ಏಳುತ್ತದೆ, ಇದೊಂದು ಮರೆಯಬೇಡಿ. ಬಿಳಿ ಕಾರಾದರೆ ಸ್ಪ್ರೇ ಡಬ್ಬಿಯಲ್ಲಿ ಧೈರ್ಯ ಮಾಡಬಹುದು. ನನ್ನದು ಸಿಲ್ವರ್. ಸಿಲ್ವರ್‌ನ ಒಳಗಿನ ಹೊಳಪಿನ ಪುಡಿ ಒಂದು ಕಡೆ ಒಂಥರಾ, ಇನ್ನೊಂದು ಕಡೆ ಇನ್ನೊಂಥರಾ ಕೂರುತ್ತದೆ, ಮನೆಯಲ್ಲಿ ಹೊಂದಿಸುವುದು ಕಷ್ಟ. ಇನ್ನೊಂದು ಮಾತು, ಬಂಪರ್ ಒಳಗೆ ರೇಡಾರ್ ಇರುವ ಹೊಸ ಕಾರುಗಳಿವೆ, ತಾನೇ ಬ್ರೇಕ್ ಹಾಕುವಂಥವು. ಆ ರೇಡಾರ್ ಎದುರಿನ ಜಾಗಕ್ಕೆ ಜಾಲರಿಯನ್ನೂ ಪುಟ್ಟಿಯನ್ನೂ ದಪ್ಪ ಪೇಂಟನ್ನೂ ಹಾಕಬೇಡಿ, ಅದರ ಕಣ್ಣು ಕಟ್ಟಿದ ಹಾಗಾಗುತ್ತದೆ.

ನನ್ನ ಬೆಸುಗೆಗೆ ಈಗ ಒಂದೂವರೆ ವರ್ಷ. ಎರಡು ಸಲ ತಿಪಟೂರಿಗೆ ಹೋಗಿ ಬಂದಿದೆ, ತೆಂಗಿನಕಾಯಿ ಸಮೇತ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದರೆ ಗೆರೆ ಕಾಣುತ್ತದೆ, ಬೇರೆ ಹೊತ್ತಿನಲ್ಲಿ ಇಲ್ಲ. ಖರ್ಚು ಹೇಳಿಬಿಡುತ್ತೇನೆ. ಸೋಲ್ಡರಿಂಗ್ ಐರನ್ 400, ಟೇಪು, ಉಪ್ಪು ಕಾಗದ, ಸ್ಪಿರಿಟ್ ಸೇರಿ 300, ಕ್ಲಿಪ್ 100, ಪ್ರೈಮರ್ ಮತ್ತು ಸ್ಪ್ರೇ 900. ಆ ಜರಡಿ ರಾಗಿ ಹಿಟ್ಟಿಗೆ ಅಂತ ಇಟ್ಟಿದ್ದಂತೆ. ಹೊಸ ಜರಡಿ 250.

ನಮಸ್ಕಾರ.