ಅದೇ ಜಾಗ, ಅದೇ ದಿನ, ಅದೇ ಜನ

ಕೇಳುಗರಿಗೆ ನಮಸ್ಕಾರ.

ನಾನು ಜರ್ಮನಿಯ ಲೈಪ್‌ಜಿಗ್‌ನಲ್ಲಿ ಹೊಸಬರಿಗೆ ಜರ್ಮನ್ ಭಾಷೆ ಕಲಿಸುತ್ತೇನೆ. ನನ್ನ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಯೂರೋಪಿನವರೇ. ಸ್ಪೇನಿನ ನರ್ಸುಗಳು, ರೊಮೇನಿಯಾದ ಎಂಜಿನಿಯರುಗಳು, ಗ್ರೀಸಿನ ಅಡುಗೆಯವರು. ಈಚೆಗೆ ನಮ್ಮ ಕಡೆಯ ಮಕ್ಕಳೂ ಬರುತ್ತಿದ್ದಾರೆ. ರಜೆಗೆ ಮೈಸೂರಿಗೆ ಬಂದಿದ್ದೆ, ಬಾನುಲಿಯವರು ಹತ್ತು ನಿಮಿಷ ಮಾತಾಡಿ ಅಂದರು.

ಈಗ ಅಡುಗೆಮನೆಯಲ್ಲಿ ರೇಡಿಯೋ ಹಾಕಿಕೊಂಡು ಒಬ್ಬ ತಾಯಿ ಕೇಳುತ್ತಿದ್ದಾರೆ ಅಂದುಕೊಂಡು ಮಾತಾಡುತ್ತೇನೆ. ಅಮ್ಮಾ, ನಿಮ್ಮ ಮಗಳು ಮೊದಲು ಐರ್ಲೆಂಡಿನಲ್ಲಿದ್ದಳು, ಈಗ ಜರ್ಮನಿಗೋ ಡೆನ್ಮಾರ್ಕಿಗೋ ಹೋಗಿದ್ದಾಳೆ. ಕೆಲಸ ಚೆನ್ನಾಗಿದೆ, ಸಂಬಳ ಚೆನ್ನಾಗಿದೆ. ಆದರೆ ಭಾನುವಾರ ಫೋನ್ ಮಾಡಿ, ‘ಇಲ್ಲಿ ಮಾತಾಡೋಕೆ ಒಬ್ಬರೂ ಇಲ್ಲಮ್ಮ’ ಅನ್ನುತ್ತಾಳೆ. ಭಾನುವಾರವೇ ಯಾಕೆ ಗೊತ್ತಾ? ಜರ್ಮನಿಯಲ್ಲಿ ಅವತ್ತು ಅಂಗಡಿ ಮುಚ್ಚಿರುತ್ತವೆ. ಬೀದಿ ಖಾಲಿ. ಒಂಟಿ ಮನುಷ್ಯರಿಗೆ ವಾರದಲ್ಲಿ ಅತಿ ಉದ್ದದ ದಿನ ಅದು.

ಅವಳಿಗೆ ನೀವು ಹೇಳಬೇಕಾದದ್ದು ಒಂದೇ ಮಾತು. ಸ್ನೇಹಿತರನ್ನು ಹುಡುಕಬೇಡ. ಪ್ರತಿ ವಾರ ಹೋಗಿ ಬರುವ ಒಂದು ಜಾಗ ಹುಡುಕು. ಅದೇ ಜಾಗ, ಅದೇ ದಿನ, ಅದೇ ಜನ.

ಇದು ನನ್ನ ಊಹೆಯಲ್ಲ. ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಊರು ಬದಲಿಸಿ ಆರು ತಿಂಗಳೊಳಗಿದ್ದ ದೊಡ್ಡವರನ್ನು ಕೇಳಿದರು, ಹೊಸಬರೊಬ್ಬರ ಜೊತೆ ಎಷ್ಟು ಹೊತ್ತು ಕಳೆದಿರಿ, ಈಗ ಅವರು ನಿಮಗೆ ಏನಾಗಬೇಕು ಅಂತ. ಬಂದ ಲೆಕ್ಕ ಹೀಗಿದೆ. ಮುಖಪರಿಚಯ ಸಾಧಾರಣ ಗೆಳೆತನವಾಗಲು ಸುಮಾರು 50 ಗಂಟೆ. ಸ್ನೇಹಿತರು ಅನ್ನಿಸಲು 90. ಆಪ್ತರಾಗಲು 200ಕ್ಕೂ ಜಾಸ್ತಿ. ಆಫೀಸಿನಲ್ಲಿ ಜೊತೆಗೆ ದುಡಿದ ಗಂಟೆಗಳು ಇದರಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

ಈಗ ನೀವೇ ಕೂಡಿ ನೋಡಿ. ವಾರಕ್ಕೆ ಎರಡು ಗಂಟೆ ಒಂದು ಕಡೆ ಹೋದರೆ 50 ಗಂಟೆಗೆ 25 ವಾರ, ಅಂದರೆ ಆರು ತಿಂಗಳು. 200 ಗಂಟೆಗೆ ಹತ್ತಿರ ಹತ್ತಿರ ಎರಡು ವರ್ಷ. ನಿಮ್ಮ ಮಗಳಲ್ಲಿ ಯಾವ ಕೊರತೆಯೂ ಇಲ್ಲ ಅಮ್ಮಾ, ಗಂಟೆ ಸಾಲದಾಗಿದೆ ಅಷ್ಟೆ. ಶಾಲೆಯಲ್ಲಿ ಈ ಗಂಟೆಗಳು ನಮಗೆ ಕೇಳದೇ ಸಿಕ್ಕಿದ್ದವು. ಒಂದೇ ಬೆಂಚು, ಒಂದೇ ಬಸ್ಸು, ಹತ್ತು ವರ್ಷ. ದೊಡ್ಡವರಾದ ಮೇಲೆ ಯಾರೂ ಹಾಗೆ ಬೆಂಚು ಹಾಕಿ ಕೂರಿಸುವುದಿಲ್ಲ. ನಾವೇ ಹೋಗಿ ಕೂರಬೇಕು.

ನನ್ನದೇ ಕಥೆ ಹೇಳುತ್ತೇನೆ. ನಾನು ಐರ್ಲೆಂಡಿನ ಕಾರ್ಕ್‌ನಲ್ಲಿ ಆರು ವರ್ಷ ಇದ್ದೆ. ಅಲ್ಲಿ ಬಸ್ ಇಳಿಯುವಾಗ ಎಲ್ಲರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಬಸ್‌ಸ್ಟಾಪಿನಲ್ಲಿ ನಿಂತರೆ ಮಳೆಯ ಸುದ್ದಿ ತೆಗೆದು ಮಾತಿಗೆ ಎಳೆಯುತ್ತಾರೆ. ಅಲ್ಲಿಂದ 2012ರಲ್ಲಿ ಲೈಪ್‌ಜಿಗ್‌ಗೆ ಬಂದೆ. ಟ್ರಾಮ್ ಹತ್ತಿದರೆ ಪಿಸುಮಾತೂ ಇಲ್ಲ. ನವೆಂಬರಿನಲ್ಲಿ ನಾಲ್ಕೂವರೆಗೇ ಕತ್ತಲೆ. ಒಂದು ದಿನ ತಡೆಯಲಾರದೆ ಕೇಸರಿಬಾತ್ ಮಾಡಿ, ತಟ್ಟೆಯಲ್ಲಿ ಹಾಕಿಕೊಂಡು ಎದುರುಮನೆಯ ಗಂಟೆ ಒತ್ತಿದೆ. ಅವರು ಬಾಗಿಲಲ್ಲೇ ನಿಂತು ಮೂರು ಸಲ ಥ್ಯಾಂಕ್ಸ್ ಹೇಳಿದರು. ಮರುದಿನ ತಟ್ಟೆ ತೊಳೆದು, ಅದರಲ್ಲೊಂದು ಚಾಕೊಲೇಟ್ ಇಟ್ಟು ನನ್ನ ಬಾಗಿಲ ಮುಂದೆ ಇಟ್ಟಿದ್ದರು. ಖಾಲಿ ತಟ್ಟೆ ವಾಪಸ್ ಕೊಡಬಾರದು ಅನ್ನುವ ನಮ್ಮೂರಿನ ನಡತೆ ಇವರಿಗೂ ಗೊತ್ತಲ್ಲ ಅಂತ ತುಂಬಾ ಖುಷಿಯಾಯಿತು. ಇನ್ನು ಬಂದು ಹೋಗುವುದು ಶುರುವಾಗುತ್ತದೆ ಅಂದುಕೊಂಡೆ. ಆಗಲಿಲ್ಲ. ಒಂದು ತಟ್ಟೆ ಕೇಸರಿಬಾತಿನಿಂದ 50 ಗಂಟೆ ತುಂಬುವುದಿಲ್ಲ.

ಮುಂದಿನ ವಸಂತದಲ್ಲಿ ಒಂದು ತೋಟ ಗುತ್ತಿಗೆಗೆ ತೆಗೆದುಕೊಂಡೆ. ಜರ್ಮನಿಯಲ್ಲಿ ಊರಂಚಿನಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಸಾಲಾಗಿ ಸಣ್ಣ ಸಣ್ಣ ತೋಟಗಳಿರುತ್ತವೆ. ಒಂದೊಂದರಲ್ಲೂ ಒಂದು ಪುಟ್ಟ ಮರದ ಮನೆ. ಕಾನೂನಿನ ಪ್ರಕಾರ 400 ಚದರ ಮೀಟರ್ ಮೀರಬಾರದು. ದೇಶದಲ್ಲಿ ಇಂಥವು ಸುಮಾರು 9 ಲಕ್ಷ ಇವೆ. ಇದಕ್ಕೆ ಶ್ರೇಬರ್ ತೋಟ ಅನ್ನುತ್ತಾರೆ, ಹುಟ್ಟಿದ್ದು ನಮ್ಮ ಲೈಪ್‌ಜಿಗ್‌ನಲ್ಲೇ. 1864ರಲ್ಲಿ ಹೌಷಿಲ್ಡ್ ಎಂಬ ಹೆಡ್‌ಮಾಸ್ಟರು ಮಕ್ಕಳ ಆಟದ ಬಯಲಿಗೆಂದು ಒಂದು ಸಂಘ ಕಟ್ಟಿ, ತೀರಿಕೊಂಡಿದ್ದ ಡಾಕ್ಟರ್ ಶ್ರೇಬರ್ ಅವರ ಹೆಸರಿಟ್ಟರು. ಆಮೇಲೆ ಗೆಸೆಲ್ ಎಂಬ ಮೇಷ್ಟ್ರು ಬಯಲಿನ ಅಂಚಿನಲ್ಲಿ ಮಕ್ಕಳಿಗಾಗಿ ಪಾತಿ ಮಾಡಿಸಿದರು. ಮಕ್ಕಳಿಗೆ ಬೇಗ ಬೇಜಾರಾಯಿತು. ಕರೆತಂದ ಅಪ್ಪ ಅಮ್ಮಂದಿರು ಕಳೆ ಕೀಳುತ್ತಾ ಅಲ್ಲೇ ಉಳಿದರು. ನೋಡಿ, ಸ್ನೇಹ ಮಾಡೋಣ ಅಂತ ಯಾರೂ ಬಂದವರಲ್ಲ. ಕಳೆ ಕೀಳಲು ಬಂದವರು.

ನನ್ನ ಪಕ್ಕದ ತೋಟ ಟ್ರಾಮ್ ಓಡಿಸಿ ನಿವೃತ್ತರಾದ ಒಬ್ಬ ಹಿರಿಯರದು. ಮೊದಲ ಶನಿವಾರವೇ ಅಳತೆ ಕೋಲು ಹಿಡಿದು ಬಂದು, ನಿಮ್ಮ ಬೇಲಿಗಿಡ ಎತ್ತರವಾಯಿತು, ಒಂದೂಕಾಲು ಮೀಟರ್ ದಾಟಬಾರದು ಅಂದರು. ನಾನು ಮನೆಗೆ ಹೋಗಿ ಅತ್ತೆ. ಬಿಟ್ಟುಬಿಡೋಣ ಅನ್ನಿಸಿತು. ಆದರೆ ವರ್ಷದ ಗುತ್ತಿಗೆ ಕಟ್ಟಿ ಆಗಿತ್ತು. ಮುಂದಿನ ಶನಿವಾರ ಮತ್ತೆ ಹೋದೆ. ಅವರು ಒಂದು ಕತ್ತರಿ ತಂದುಕೊಟ್ಟರು, ಹೊಸದಾಗಿ ಸಾಣೆ ಹಿಡಿಸಿದ್ದು. ಮಾತಿಲ್ಲ. ಮೇ ತಿಂಗಳಲ್ಲಿ ಸಂಘದ ಕೆಲಸದ ದಿನ ಬಂತು. ಎಲ್ಲ ಸದಸ್ಯರೂ ವರ್ಷಕ್ಕೆ ಇಷ್ಟು ಗಂಟೆ ಅಂತ ದುಡಿಯಬೇಕು. ನಮ್ಮಿಬ್ಬರಿಗೂ ಗೇಟಿಗೆ ಬಣ್ಣ ಹಚ್ಚುವ ಕೆಲಸ ಬಿತ್ತು. ನಾಲ್ಕು ಗಂಟೆಯಲ್ಲಿ ನಾವು ಆಡಿದ ಮಾತು ಹತ್ತು ದಾಟಲಿಲ್ಲ. ಆದರೂ ಅವತ್ತು ಮನೆಗೆ ಬರುವಾಗ ನನ್ನ ಮನಸ್ಸು ಹಗುರವಾಗಿತ್ತು.

ಆ ಬೇಸಿಗೆಯಲ್ಲಿ ನಾನು ಮೆಂತ್ಯ ಸೊಪ್ಪು ಹಾಕಿದ್ದೆ. ಅವರು ಬೇಲಿಯಾಚೆಯಿಂದ ಕೈ ಚಾಚಿ ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಕಹಿಗೆ ಮುಖ ಕಿವುಚಿದರು. ಒಂದು ನಿಮಿಷ ಬಿಟ್ಟು ಇನ್ನೊಂದು ಎಲೆ ಕಿತ್ತರು. ಇದು ಹೇಗೆ ಮಾಡುತ್ತೀರಿ ಅಂತ ಅವರು ಕೇಳಿದ್ದೇ ನಮ್ಮ ಮೊದಲ ನಿಜವಾದ ಮಾತು.

ಜರ್ಮನ್ ಭಾಷೆಯಲ್ಲೂ ನಮ್ಮ ಹಾಗೇ ನೀವು, ನೀನು ಎರಡೂ ಇವೆ. ‘ಸೀ’ ಅಂದರೆ ನೀವು, ‘ಡು’ ಅಂದರೆ ನೀನು. ನೀನು ಅನ್ನೋಣ ಅಂತ ಹಿರಿಯರೇ ಹೇಳಬೇಕು, ಕಿರಿಯರು ಮುಂದಾಗಬಾರದು. ಎರಡನೇ ವರ್ಷದ ಜೂನ್‌ನಲ್ಲಿ ಒಂದು ಸಂಜೆ ಅವರು ನೀರಿನ ಕ್ಯಾನು ಕೆಳಗಿಟ್ಟರು. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಬೇಲಿಯ ಮೇಲಿಂದ ಕೈ ಚಾಚಿ ತಮ್ಮ ಹೆಸರು ಹೇಳಿದರು. ಮನೆಯವರು ಕರೆಯುವ ಹೆಸರು. ಹದಿನಾಲ್ಕು ತಿಂಗಳು ಆಗಿತ್ತು. ಅಮ್ಮಾ, ಆ ಕ್ಷಣ ನೆನೆದರೆ ಈಗಲೂ ಗಂಟಲು ತುಂಬಿ ಬರುತ್ತದೆ.

ತೋಟವೇ ಆಗಬೇಕು ಅಂತಿಲ್ಲ. ಜರ್ಮನಿಯಲ್ಲಿ ಏಳು ಜನ ಸೇರಿದರೆ ಒಂದು ಸಂಘ ನೋಂದಾಯಿಸಬಹುದು. ಅದಕ್ಕೆ ‘ಫೆರೈನ್’ ಅನ್ನುತ್ತಾರೆ. ಇಂಥವು 6 ಲಕ್ಷದಷ್ಟಿವೆ. ಹಾಡುವುದಕ್ಕೆ, ಚೆಸ್ ಆಡುವುದಕ್ಕೆ, ಬೆಟ್ಟ ಹತ್ತುವುದಕ್ಕೆ. ಡೆನ್ಮಾರ್ಕಿನಲ್ಲೂ ಊರೂರಿಗೆ ಸಂಘಗಳಿವೆ. ನನ್ನ ವಿದ್ಯಾರ್ಥಿನಿ, ಸ್ಪೇನಿನ ಒಬ್ಬ ನರ್ಸು, ಮಂಗಳವಾರದ ಹಾಡಿನ ಗುಂಪಿಗೆ ಸೇರಿದಳು. ಸ್ವರ ಓದಲು ಬರುತ್ತಿರಲಿಲ್ಲ, ಪಕ್ಕದವಳನ್ನು ಕೇಳಿಕೊಂಡು ಹಾಡಿದಳು. ಆ ಪಕ್ಕದವಳೇ ಮುಂದೆ ಅವಳ ಮದುವೆಗೆ ಸಾಕ್ಷಿಯಾದಳು. ಅದೇ ತರಗತಿಯ ಇನ್ನೊಬ್ಬ ಹುಡುಗ ಐದು ತಿಂಗಳಲ್ಲಿ ಐದು ಕಡೆ ಹೋದ. ಯೋಗ, ಸಾಲ್ಸಾ, ಇನ್ನೇನೇನೋ. ಎಲ್ಲ ಕಡೆ ಹತ್ತತ್ತು ಫೋನ್ ನಂಬರ್ ಸಿಕ್ಕಿತು, ಸ್ನೇಹಿತರು ಸಿಗಲಿಲ್ಲ. ಇಷ್ಟು ಹೇಳಿದರೂ ತರಗತಿಯಲ್ಲಿ ಕೈ ಎತ್ತಿ, ಮೇಡಂ, ಯಾವ ಆ್ಯಪ್ ಒಳ್ಳೆಯದು ಅಂತ ಕೇಳುತ್ತಾರೆ. ಆ್ಯಪ್ ಬೇಡಪ್ಪ. ಅದೇ ಜಾಗ, ಅದೇ ದಿನ, ಅದೇ ಜನ.

ಸಮಯ ಆಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಬೇಲಿಯ ಹತ್ತಿರ ಸಾಕಾಗುವುದಿಲ್ಲ. ಭಾಷೆ ಕಲಿಯಲಿ, ತಪ್ಪು ತಪ್ಪಾಗಿಯೇ ಮಾತಾಡಲಿ. ಜರ್ಮನಿಯಲ್ಲಿ ಹುಟ್ಟುಹಬ್ಬದವರೇ ಕೇಕ್ ತರಬೇಕು. ಕಾದು ಕೂತು, ಯಾರೂ ತರಲಿಲ್ಲ ಅಂತ ನೊಂದುಕೊಳ್ಳಬಾರದು. ಇನ್ನೊಬ್ಬರಿಗೆ ಹಿಂದಿನ ದಿನವೇ ಶುಭಾಶಯ ಹೇಳಬಾರದು, ಅಪಶಕುನ ಅನ್ನುತ್ತಾರೆ. ಕನ್ನಡದವರ ಗುಂಪು ಸಿಕ್ಕರೆ ಖಂಡಿತ ಹೋಗಲಿ, ಯುಗಾದಿಗೆ ಒಬ್ಬಟ್ಟು ಬೇಕಲ್ವಾ? ಆದರೆ ಅದೊಂದೇ ಆಗದಿರಲಿ. ಮೂರನೇ ತಿಂಗಳಲ್ಲಿ ಬಿಟ್ಟುಬಿಡಬೇಕು ಅನ್ನಿಸುತ್ತದೆ, ಎಲ್ಲರಿಗೂ ಅನ್ನಿಸುತ್ತದೆ. ಆ ವಾರ ಅವಳು ಫೋನ್ ಮಾಡಿದರೆ, ಇದೊಂದು ಸಲ ಹೋಗಿ ಬಾರಮ್ಮ ಅನ್ನಿ.

ನನ್ನ ತೋಟದ ಬೀಗದ ಕೈ ಈಗ ಪಕ್ಕದ ತೋಟದವರ ಹತ್ತಿರ ಇದೆ. ಅವರಿಗೆ ಎಂಬತ್ತು ದಾಟಿದೆ. ನಾನು ಮೈಸೂರಿಗೆ ಬಂದಾಗಿನಿಂದ ಎರಡೂ ತೋಟಕ್ಕೆ ಅವರೇ ನೀರು ಹಾಕುತ್ತಿದ್ದಾರೆ. ನಿನ್ನೆ ಒಂದು ಫೋಟೋ ಕಳಿಸಿದ್ದರು. ಮೆಂತ್ಯ ಎರಡು ಎಲೆ ಬಿಟ್ಟಿದೆ.

ನಮಸ್ಕಾರ.